ಮಲೆನಾಡಿನಲ್ಲಿ ಪಕ್ಷದ ಅಧಿವೇಶನ: ಯಾವ ಊರು, ಯಾವ ಮೈದಾನ?

ಪ್ರಶ್ನೆ: ನಮ್ಮ ಪಕ್ಷದ ರಾಜ್ಯ ಅಧಿವೇಶನವನ್ನು ಈ ಸಲ ಮಲೆನಾಡಿನಲ್ಲಿ ನಡೆಸಬೇಕೆಂದು ತೀರ್ಮಾನವಾಗಿದೆ. ಎರಡು ದಿನದ ಪ್ರತಿನಿಧಿ ಸಭೆಗೆ 1,500 ಜನ, ಎರಡನೆಯ ದಿನ ಮಧ್ಯಾಹ್ನದ ಬಹಿರಂಗ ಸಭೆಗೆ 15,000 ಜನ ಬರುವ ಅಂದಾಜಿದೆ. ಕಾಗೋಡು ಸತ್ಯಾಗ್ರಹದ ನೆಲ ಎಂಬ ಕಾರಣಕ್ಕೆ ಸಾಗರವೇ ಆಗಬೇಕೆಂದು ಕೆಲವರು, ತೀರ್ಥಹಳ್ಳಿ ಎಂದು ಕೆಲವರು, ಶಿವಮೊಗ್ಗ ಬಿಟ್ಟರೆ ಬೇರೆಡೆ ಆಗದು ಎಂದು ಉಳಿದವರು ಹಟ ಹಿಡಿದಿದ್ದಾರೆ. ಊರನ್ನೂ ಮೈದಾನವನ್ನೂ ಯಾವ ಲೆಕ್ಕದ ಮೇಲೆ ಆರಿಸಬೇಕು? ಯಾವ ತಿಂಗಳು ಒಳ್ಳೆಯದು?
– ಜಿಲ್ಲಾ ಸಮಿತಿಯ ಪದಾಧಿಕಾರಿಯೊಬ್ಬರು

ಉತ್ತರ: ಮೈದಾನ ನೋಡಲು ಹೊರಡುವ ಮೊದಲು ಎರಡು ಲೆಕ್ಕ ಹಾಕಿ. 1,500 ಜನ ರಾತ್ರಿ ಎಲ್ಲಿ ಮಲಗುತ್ತಾರೆ? 15,000 ಜನ ಸಂಜೆ ಯಾವ ದಾರಿಯಲ್ಲಿ ಹೊರಡುತ್ತಾರೆ? ಈ ಎರಡಕ್ಕೆ ಉತ್ತರ ಸಿಕ್ಕಿದರೆ ಊರು ತಾನಾಗಿಯೇ ಗೊತ್ತಾಗುತ್ತದೆ, ಮೈದಾನದ ಮಾತು ಆಮೇಲಿನದು. ಎಡವಟ್ಟಾಗುವುದೆಲ್ಲ ಇದನ್ನು ತಿರುಗಾಮುರುಗಾ ಮಾಡಿದಾಗ. ಯಾರೋ ಒಬ್ಬರು ವಿಶಾಲವಾದ ಬಯಲು ತೋರಿಸುತ್ತಾರೆ, ಫೋಟೊ ಬೆಂಗಳೂರಿಗೆ ಹೋಗುತ್ತದೆ, ಅಲ್ಲಿಂದ ಒಪ್ಪಿಗೆಯೂ ಬಂದುಬಿಡುತ್ತದೆ. ಆಮೇಲೆ ಛತ್ರ ಹುಡುಕುವವರಿಗೂ ಬಸ್ ನಿಲ್ಲಿಸುವವರಿಗೂ ಪ್ರಾಣಸಂಕಟ.

ಇನ್ನೊಂದು ಮಾತನ್ನು ಮೊದಲೇ ಹೇಳಿಬಿಡಬೇಕು. ನೀವು ಮಾಡಹೊರಟಿರುವುದು ಒಂದು ಕಾರ್ಯಕ್ರಮವಲ್ಲ, ಎರಡು. ಪ್ರತಿನಿಧಿ ಸಭೆಯಲ್ಲಿ ಕರಡು ಓದಬೇಕು, ತಿದ್ದುಪಡಿ ತರಬೇಕು, ಮತ ಹಾಕಬೇಕು. ಅದಕ್ಕೆ ಗೋಡೆ, ಬಾಗಿಲು, ಬರೆಯಲು ಬೆಳಕು ಬೇಕು. ಬಹಿರಂಗ ಸಭೆಯ ಸ್ವಭಾವವೇ ಜಾತ್ರೆಯದು. ಎರಡಕ್ಕೂ ಒಂದೇ ಪೆಂಡಾಲ್ ಹಾಕಿದರೆ ಖರ್ಚು ಉಳಿಯುತ್ತದೆ ಎಂದು ಹೇಳುವವರು ಇದ್ದೇ ಇರುತ್ತಾರೆ. ಆದರೆ ಎರಡನೆಯ ದಿನ ಬೆಳಿಗ್ಗೆ ಭದ್ರತಾ ತಪಾಸಣೆಗೆಂದು ಪೊಲೀಸರು ಪೆಂಡಾಲ್ ಪೂರ್ತಿ ಖಾಲಿ ಮಾಡಿಸುತ್ತಾರೆ, ಧ್ವನಿವರ್ಧಕದವರು ‘ಹಲೋ ಹಲೋ’ ಶುರು ಮಾಡುತ್ತಾರೆ, ಬ್ಯಾರಿಕೇಡ್ ಹೊಡೆಯುವ ಸದ್ದು ಬೇರೆ. ನಿಮ್ಮ ಮುಖ್ಯ ನಿರ್ಣಯ ಚರ್ಚೆಗೆ ಬರುವುದೂ ಅದೇ ಹೊತ್ತಿನಲ್ಲಿ. ಆದ್ದರಿಂದ ಎರಡು ಜಾಗ ಹಿಡಿಯಿರಿ, ನಡುವೆ ಎರಡು ಮೂರು ಕಿಲೋಮೀಟರಿಗಿಂತ ಹೆಚ್ಚು ದೂರ ಬೇಡ.

ಈಗ ಹಾಸಿಗೆಯ ಲೆಕ್ಕ. 1,500ರಲ್ಲಿ ಸುಮಾರು 300 ಜನ ಸುತ್ತಮುತ್ತಲಿನವರು, ರಾತ್ರಿ ಮನೆಗೆ ಹೋಗಿ ಬರುತ್ತಾರೆ ಎಂದುಕೊಳ್ಳಿ. ವಯಸ್ಸಾದವರು, ದೂರದಿಂದ ಬರುವವರು, ಪದಾಧಿಕಾರಿಗಳು ಸೇರಿ 500 ಜನರಿಗೆ ಲಾಡ್ಜ್ ಎಂದರೆ ಇಬ್ಬಿಬ್ಬರಂತೆ 250 ಕೋಣೆ. ಉಳಿದ 700 ಜನರಿಗೆ ಕಲ್ಯಾಣ ಮಂಟಪ. ಮಂಟಪದವರು ಸಭಾಂಗಣದ ಅಳತೆ ಹೇಳಿ ಒಪ್ಪಿಸಲು ನೋಡುತ್ತಾರೆ. 5,000 ಚದರಡಿಯ ಹಾಲ್‌ನಲ್ಲಿ ಓಡಾಡುವ ದಾರಿ ಸೇರಿ ತಲೆಗೆ 40 ಚದರಡಿಯಂತೆ 125 ಜನ ಮಲಗಬಹುದು, ಅದು ಸುಳ್ಳಲ್ಲ. ಬೆಳಿಗ್ಗೆ ಎದ್ದ ಮೇಲೆ ಇರುವುದು ಕಥೆ. ಒಂದು ಬಚ್ಚಲಿನಲ್ಲಿ ಒಬ್ಬರಿಗೆ ಎಂಟು ನಿಮಿಷ ಹಿಡಿದರೂ ಹನ್ನೆರಡು ಜನ ಮುಗಿಸುವಾಗ ಒಂದೂವರೆ ಗಂಟೆ ದಾಟುತ್ತದೆ. ಆರು ಬಚ್ಚಲಿರುವ ಮಂಟಪಕ್ಕೆ 70 ಜನರೇ ಮಿತಿ, ಹಾಲ್ ಎಷ್ಟೇ ದೊಡ್ಡದಿರಲಿ. ಅಲ್ಲಿಗೆ 700 ಜನರಿಗೆ ಹತ್ತು ಮಂಟಪ ಬೇಕಾಯಿತು. ಮಂಟಪ ನೋಡಲು ಹೋದವರು ಮೊದಲು ಹಿತ್ತಲಿಗೆ ಹೋಗಿ ಬಚ್ಚಲು, ಪಾಯಿಖಾನೆ ಎಣಿಸಿ, ನಲ್ಲಿ ತಿರುಗಿಸಿ ನೋಡಿ, ಓವರ್‌ಹೆಡ್ ಟ್ಯಾಂಕ್ ಎಷ್ಟು ಲೀಟರಿನದು ಎಂದು ಕೇಳಿ. ಡಿಸೆಂಬರಿನ ಮಲೆನಾಡಿನಲ್ಲಿ ತಣ್ಣೀರು ಸ್ನಾನ ಆಗದ ಮಾತು. 70 ಜನರಿಗೆ ಹದ ಮಾಡಿಕೊಳ್ಳಲು ಸುಮಾರು 500 ಲೀಟರ್ ಕುದಿನೀರು ಬೇಕು. ಹಂಡೆ ಒಲೆ, ಒಣ ಸೌದೆ, ನಾಲ್ಕೂವರೆಗೆ ಎದ್ದು ಬೆಂಕಿ ಹಾಕುವ ಒಬ್ಬ ಆಳು, ಇವನ್ನು ಒಪ್ಪಂದದಲ್ಲೇ ಸೇರಿಸಿ. ಮಹಿಳಾ ಪ್ರತಿನಿಧಿಗಳಿಗೆ ಪ್ರತ್ಯೇಕ ಮಂಟಪ ಕೊಡಿ, ಅದು ಪ್ರತಿನಿಧಿ ಸಭೆ ನಡೆಯುವ ಜಾಗಕ್ಕೆ ಎಲ್ಲಕ್ಕಿಂತ ಹತ್ತಿರದ್ದಾಗಿರಲಿ.

ಹೋಂಸ್ಟೇಗಳನ್ನು ಈ ಲೆಕ್ಕಕ್ಕೆ ಹಿಡಿಯಬೇಡಿ. ತೀರ್ಥಹಳ್ಳಿ, ಹೊಸನಗರ, ಸಾಗರದ ಸುತ್ತ ಅವು ಬೇಕಷ್ಟಿವೆ. ಆದರೆ ಒಂದೊಂದು ಒಂದೊಂದು ತೋಟದ ಮೂಲೆಯಲ್ಲಿ. ಹತ್ತು ಹತ್ತು ಜನರನ್ನು ಹದಿನೈದು ಕಡೆಯಿಂದ ಬೆಳಿಗ್ಗೆ ಒಂಬತ್ತಕ್ಕೆ ಸಭೆಗೆ ತಂದು ಸೇರಿಸುವಷ್ಟರಲ್ಲಿ ಹತ್ತೂವರೆ ಆಗಿರುತ್ತದೆ, ಮೊಬೈಲ್ ಸಿಗ್ನಲ್ ಇಲ್ಲದ ಕಡೆ ಕರೆದು ಎಬ್ಬಿಸುವುದೂ ಕಷ್ಟ.

ತಿಂಗಳು ಯಾವುದೆಂದರೆ, ನನ್ನ ಆಯ್ಕೆ ಧನುರ್ಮಾಸ, ಅಂದರೆ ಡಿಸೆಂಬರ್ ನಡುವಿನಿಂದ ಸಂಕ್ರಾಂತಿಯ ಹಿಂದಿನ ವಾರದವರೆಗೆ. ಆಗ ಮದುವೆ ಮುಹೂರ್ತಗಳಿರುವುದಿಲ್ಲ. ನಿಮಗೆ ಬೇಕಾದ ಹತ್ತು ಮಂಟಪ ಒಟ್ಟಿಗೆ ಖಾಲಿ ಸಿಗುವುದು ವರ್ಷದಲ್ಲಿ ಎರಡೇ ಸಲ, ಆಷಾಢದಲ್ಲಿ ಮತ್ತು ಧನುರ್ಮಾಸದಲ್ಲಿ. ಆಷಾಢದಲ್ಲಿ ಮಲೆನಾಡಿನ ಮಳೆ ಎಂಥದೆಂದು ನಿಮಗೇ ಗೊತ್ತು. ಧನುರ್ಮಾಸದಲ್ಲಿ ಶಾಮಿಯಾನದವರು, ಅಡುಗೆಯವರು, ಪಾತ್ರೆ ಬಾಡಿಗೆಯವರು ಎಲ್ಲರೂ ಬಿಡುವಾಗಿರುತ್ತಾರೆ, ದರದಲ್ಲೂ ಮಾತಾಡಲು ಅವಕಾಶವಿದೆ. ತೊಡಕು ಇಲ್ಲವೆಂದಲ್ಲ. ಶಾಲಾ ಪ್ರವಾಸದ ಕಾಲವಾದ್ದರಿಂದ ಬಸ್ಸುಗಳು ಜೋಗ, ಶೃಂಗೇರಿ ಎಂದು ಓಡುತ್ತಿರುತ್ತವೆ, ಟೆಂಪೊ ಟ್ರಾವೆಲರ್ ಗಾಡಿಗಳು ಶಬರಿಮಲೆಗೆ ಹೋಗಿರುತ್ತವೆ. ಮಂಟಪ ಒಂದು ತಿಂಗಳು ಮೊದಲು ಹಿಡಿದರೂ ನಡೆಯಬಹುದು, ಬಸ್ಸಿಗೆ ಮಾತ್ರ ಮೂರು ತಿಂಗಳು ಮೊದಲೇ ಮುಂಗಡ ಕೊಡಿ. ಇದು ಅಡಿಕೆ ಕೊಯ್ಲಿನ ಕಾಲವೂ ಹೌದು. ಕೊನೆಗಾರ (ಮರ ಹತ್ತಿ ಅಡಿಕೆ ಗೊನೆ ಕೊಯ್ಯುವವನು) ಸಿಕ್ಕ ದಿನ ಯಾವ ಬೆಳೆಗಾರನೂ ಸಭೆಗೆ ಬರುವುದಿಲ್ಲ, ರಾತ್ರಿ ಸುಲಿತಕ್ಕೆ ಹೆಂಗಸರು ಮನೆಯಲ್ಲಿರಲೇಬೇಕು. ಬಹಿರಂಗ ಸಭೆಯನ್ನು 11 ಗಂಟೆಗೆ ಶುರು ಮಾಡಿ ಮೂರೂವರೆಗೆ ಮುಗಿಸಿದರೆ ಅವರೂ ಬಂದು ಹೋಗಬಹುದು.

ದಿನ ಗೊತ್ತು ಮಾಡುವಾಗ ಪಂಚಾಂಗ ಪಕ್ಕದಲ್ಲಿರಲಿ. ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆ ಇದೇ ಹೊತ್ತಿಗೆ ಬರುತ್ತದೆ, ಸಂಕ್ರಾಂತಿಗೆ ಸಿಗಂದೂರಿನ ಜಾತ್ರೆ. ಫೆಬ್ರವರಿ-ಮಾರ್ಚಿಗೆ ಮುಂದೂಡಿದರೆ ಸಾಗರದ ಮಾರಿಕಾಂಬಾ ಜಾತ್ರೆ (ಮೂರು ವರ್ಷಕ್ಕೊಮ್ಮೆ) ಅಥವಾ ಶಿವಮೊಗ್ಗದ ಕೋಟೆ ಮಾರಿಕಾಂಬಾ ಜಾತ್ರೆ (ಎರಡು ವರ್ಷಕ್ಕೊಮ್ಮೆ) ಅಡ್ಡ ಬರುವುದೇ ಎಂದು ನೋಡಿಕೊಳ್ಳಬೇಕು, ಅದರ ಮೇಲೆ ಪರೀಕ್ಷೆಗಳು. ಸಂತೆಯ ದಿನವಂತೂ ಯಾವ ಊರಿನಲ್ಲೂ ಬೇಡ.

ಏಪ್ರಿಲ್-ಮೇ ಬೇಡವೇ ಬೇಡ. ಮಧ್ಯಾಹ್ನದವರೆಗೆ ಉರಿಬಿಸಿಲು, ನಾಲ್ಕು ಗಂಟೆಗೆ ಗುಡುಗು, ಆಲಿಕಲ್ಲು, ತಗಡು ಹಾರಿಸುವ ಗಾಳಿ. 2023ರ ಏಪ್ರಿಲ್ 16ರಂದು ನವಿ ಮುಂಬೈನ ಖಾರ್‌ಘರ್‌ನಲ್ಲಿ ಬಯಲಿನಲ್ಲಿ ನಡೆದ ಸರ್ಕಾರಿ ಸಮಾರಂಭದಲ್ಲಿ ಬಿಸಿಲಿನ ಹೊಡೆತಕ್ಕೆ ಹತ್ತಕ್ಕೂ ಹೆಚ್ಚು ಜನ ತೀರಿಕೊಂಡರು. ವೇದಿಕೆಯ ಮೇಲಿದ್ದವರಿಗೆ ನೆರಳಿತ್ತು, ಎದುರು ಕೂತವರಿಗೆ ಇರಲಿಲ್ಲ. ಇನ್ನು ಮಳೆ. ಡಿಸೆಂಬರಿನಲ್ಲೂ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತದಿಂದ ಎರಡು ದಿನ ಜಿಟಿಜಿಟಿ ಹಿಡಿಯುವುದುಂಟು. 2012ರಲ್ಲಿ ಅಮೆರಿಕದ ಡೆಮಾಕ್ರಟಿಕ್ ಪಕ್ಷದವರು ಷಾರ್ಲಟ್ ನಗರದಲ್ಲಿ ಒಬಾಮಾ ಅವರ ಭಾಷಣವನ್ನು ಬಯಲು ಕ್ರೀಡಾಂಗಣದಲ್ಲಿ ಇಟ್ಟುಕೊಂಡಿದ್ದರು. ಗುಡುಗು ಮಳೆಯ ಭಯಕ್ಕೆ ಹಿಂದಿನ ದಿನ ಅದನ್ನು ಒಳಾಂಗಣಕ್ಕೆ ಬದಲಿಸಿದರು. ಒಳಾಂಗಣ ಚಿಕ್ಕದು, ಪಾಸ್ ಹಿಡಿದ ಸಾವಿರಾರು ಜನ ಹೊರಗುಳಿದರು. ಹಾಗಿದ್ದರೂ ಬದಲಿ ಜಾಗ ಮೊದಲೇ ಸಿದ್ಧವಿದ್ದುದರಿಂದ ಸಭೆ ನಿಲ್ಲಲಿಲ್ಲ. ನೀವೂ ಮಳೆ ಬಂದರೆ ಏನು ಎಂಬುದನ್ನು ಒಂದು ಸಾಲಿನಲ್ಲಿ ಬರೆದಿಡಿ: ಎಷ್ಟು ಗಂಟೆಗೆ, ಯಾರು ತೀರ್ಮಾನಿಸುತ್ತಾರೆ, ಸಭೆ ಎಲ್ಲಿಗೆ ಹೋಗುತ್ತದೆ. ಅಮೆರಿಕದಲ್ಲಿ ಊರು ಗೊತ್ತು ಮಾಡುವುದೂ ಬಲು ಮೊದಲು. 2024ರ ಜುಲೈನಲ್ಲಿ ನಡೆದ ರಿಪಬ್ಲಿಕನ್ ಅಧಿವೇಶನಕ್ಕೆ ಮಿಲ್ವಾಕಿಯನ್ನು ಆರಿಸಿದ್ದು 2022ರ ಆಗಸ್ಟಿನಲ್ಲಿ. ನಮಗೆ ಅಷ್ಟು ಬೇಕಿಲ್ಲ, ಆರು ತಿಂಗಳು ಸಾಕು. ನಾಲ್ಕಕ್ಕಿಂತ ಕಡಿಮೆಯಾದರೆ ಮಾತ್ರ ಸಿಕ್ಕಿದ್ದನ್ನು ಹಿಡಿಯುವ ಪಾಡು.

ದಾರಿಯ ವಿಚಾರವೇ ಮುಖ್ಯವಾದ್ದರಿಂದ ಅಲ್ಲಿ ಸ್ವಲ್ಪ ನಿಲ್ಲೋಣ. 15,000 ಜನರಲ್ಲಿ 9,000 ಬಸ್ಸಿನಲ್ಲಿ ಬಂದರೆ 180 ಬಸ್. ತಿರುಗಿಸುವ ಜಾಗ ಸೇರಿ ಎಕರೆಗೆ 40 ಬಸ್ಸಿನಂತೆ ನಾಲ್ಕೂವರೆ ಎಕರೆ. 3,000 ಜನ ಕಾರು ಜೀಪಿನಲ್ಲಿ ಬಂದರೆ 600 ಗಾಡಿ, ಎಕರೆಗೆ 140ರಂತೆ ಇನ್ನೂ ನಾಲ್ಕೂ ಚಿಲ್ಲರೆ ಎಕರೆ. ಬೈಕುಗಳಿಗೆ ಮುಕ್ಕಾಲು ಎಕರೆ. ಒಟ್ಟು ಹತ್ತಿರ ಹತ್ತು ಎಕರೆ, ಸಭೆಗೆ ಜನ ಕೂರುವ ಮೈದಾನದ ಎರಡರಷ್ಟು. ಇಷ್ಟೂ ಒಂದೇ ಕಡೆ ಸಿಕ್ಕಿತು ಎಂದು ಹಿಗ್ಗುವುದು ದೊಡ್ಡ ತಪ್ಪು. ಒಂದು ಗೇಟಿನಿಂದ ನಿಮಿಷಕ್ಕೆ ಮೂರು ಬಸ್ ಹೊರಬಿದ್ದರೆ 180 ಬಸ್ಸಿಗೆ ಒಂದು ಗಂಟೆ. ಹೆದ್ದಾರಿಗೆ ಅಡ್ಡವಾಗಿ ಬಲಕ್ಕೆ ತಿರುಗಬೇಕಾದರೆ ನಿಮಿಷಕ್ಕೆ ಎರಡೇ, ಅಂದರೆ ಒಂದೂವರೆ ಗಂಟೆ. ಅವುಗಳ ನಡುವೆ 600 ಕಾರೂ ನುಗ್ಗುತ್ತವೆ. ಎರಡೂವರೆ ಗಂಟೆಯಾದರೂ ಕೊನೆಯ ಬಸ್ ಅಲ್ಲೇ ಇರುತ್ತದೆ. ಅದು ಬೈಂದೂರಿಗೋ ಕುಂದಾಪುರಕ್ಕೋ ಹೋಗಬೇಕಾದ ಬಸ್ಸಾದರೆ ಘಾಟಿಯನ್ನು ಕತ್ತಲಲ್ಲಿ ಇಳಿಯಬೇಕು, ಕಾಡುಕೋಣ ರಸ್ತೆಗೆ ಬರುವ ಹೊತ್ತೂ ಅದೇ. ಆದ್ದರಿಂದ ಯಾವ ದಿಕ್ಕಿನಿಂದ ಬಂದವರಿಗೆ ಆ ದಿಕ್ಕಿನಲ್ಲೇ ನಿಲುಗಡೆ ಮಾಡಿ. ಜನ ಒಂದು ಕಿಲೋಮೀಟರ್ ನಡೆಯಲಿ, ತೊಂದರೆಯಿಲ್ಲ.

ಈ ತಕ್ಕಡಿಯಲ್ಲಿ ಮೂರೂ ಊರನ್ನು ತೂಗಿ ನೋಡಿ. ಶಿವಮೊಗ್ಗಕ್ಕೆ ಭದ್ರಾವತಿ, ಸಾಗರ, ತೀರ್ಥಹಳ್ಳಿ, ಶಿಕಾರಿಪುರ, ಹೊನ್ನಾಳಿ, ಚನ್ನಗಿರಿ ಹೀಗೆ ಆರು ಕಡೆಯ ದಾರಿ ಇದೆ, ಬೆಂಗಳೂರಿನಿಂದ ರೈಲಿದೆ, 2023ರ ಫೆಬ್ರವರಿ 27ರಂದು ಉದ್ಘಾಟನೆಯಾದ ಸೋಗಾನೆಯ ವಿಮಾನ ನಿಲ್ದಾಣವಿದೆ. ಚಳಿಗಾಲದ ಮಂಜಿಗೆ ಬೆಳಗಿನ ವಿಮಾನ ತಡವಾಗಬಹುದು, ಉದ್ಘಾಟಕರನ್ನು ಹಿಂದಿನ ದಿನವೇ ಕರೆಸಿಕೊಳ್ಳಿ. ಮೆಗ್ಗಾನ್ ಆಸ್ಪತ್ರೆ ಊರೊಳಗೇ ಇದೆ, ಮಾಚೇನಹಳ್ಳಿಯಲ್ಲಿ ಮೀಸಲು ಪೊಲೀಸ್ ಪಡೆ ಇದೆ. ಸಾಗರಕ್ಕೂ ರೈಲು ಉಂಟು. 2025ರ ಜುಲೈನಲ್ಲಿ ಸಿಗಂದೂರು ಸೇತುವೆ ತೆರೆದ ಮೇಲೆ ಕೊಲ್ಲೂರು ಕಡೆಯವರಿಗೆ ಲಾಂಚಿಗೆ ಕಾಯುವುದು ತಪ್ಪಿದೆ. ಆದರೆ ಸೇತುವೆಯ ಅಗಲ ನೋಡಿ ಮರುಳಾಗದೆ ಅದರ ಆಚೀಚೆಯ ರಸ್ತೆಯಲ್ಲಿ ಒಮ್ಮೆ ಬಸ್ ಓಡಿಸಿ ನೋಡಿ. ಬೆಂಗಳೂರು, ದಾವಣಗೆರೆ, ಹಾಸನ ಕಡೆಯ ಗಾಡಿಗಳಲ್ಲಿ ಹೆಚ್ಚಿನವು ಒಂದೇ ಹೆದ್ದಾರಿ ಹಿಡಿದು ಬರಬೇಕು, ಅದೇ ದಾರಿಯಲ್ಲಿ ಮರಳಬೇಕು. ಗಂಭೀರ ಗಾಯವಾದರೆ ಮೆಗ್ಗಾನ್‌ಗೆ ಸುಮಾರು 70 ಕಿಲೋಮೀಟರ್. ತೀರ್ಥಹಳ್ಳಿಗೆ ರೈಲಿಲ್ಲ, ಆಗುಂಬೆ ಘಾಟಿಯಲ್ಲಿ ಭಾರೀ ವಾಹನಗಳಿಗೆ ನಿರ್ಬಂಧವಿದೆ, ಊರೊಳಗಿನ ರಸ್ತೆ ಇಕ್ಕಟ್ಟು. 500-600 ಜನರ ಚಿಂತನ ಶಿಬಿರಕ್ಕೆ ಅದರಷ್ಟು ಚೆಂದದ ಊರಿಲ್ಲ. 180 ಬಸ್ಸನ್ನು ಅದು ತಾಳಲಾರದು.

ಹಾಗಾಗಿ ನಿಮ್ಮ ಸಂಖ್ಯೆಗೆ ಶಿವಮೊಗ್ಗವೇ ಸರಿ. ಸಾಗರದವರ ಮನಸ್ಸು ನೋಯಿಸುವುದೂ ಬೇಡ. 1951ರ ಕಾಗೋಡು ಸತ್ಯಾಗ್ರಹ ಗೇಣಿದಾರರ ಹೋರಾಟದ ಮುಖ್ಯ ಘಟ್ಟ, ಅದಕ್ಕೆ ಸಲ್ಲಬೇಕಾದ ಗೌರವ ಸಲ್ಲಲೇಬೇಕು. ಕಾಗೋಡಿನಿಂದ ಬಾವುಟ ಹೊತ್ತ ಜಾಥಾ ಎರಡು ದಿನ ಮೊದಲು ಹೊರಟು ಸಾಗರ, ಆನಂದಪುರ, ಆಯನೂರಿನ ಮೇಲೆ ಬಂದು ಶಿವಮೊಗ್ಗದಲ್ಲಿ ಧ್ವಜಾರೋಹಣವಾಗಲಿ. ಜನರನ್ನು ಕಾಗೋಡಿಗೆ ಕೊಂಡೊಯ್ಯುವುದಕ್ಕಿಂತ ಕಾಗೋಡನ್ನು ಜನರ ನಡುವೆ ತರುವುದು ಸುಲಭ.

ಇನ್ನು ಮೈದಾನ. ಕುರ್ಚಿಯೊಂದಕ್ಕೆ ಸಾಲಿನ ಅಂತರ, ನಡುದಾರಿ ಸೇರಿ 0.7 ಚದರ ಮೀಟರ್ ಹಿಡಿಯಿರಿ. ಎಕರೆಗೆ 4,047 ಚದರ ಮೀಟರ್. ವೇದಿಕೆ, ಅದರ ಮುಂದಿನ ಖಾಲಿ ವಲಯ, ಬ್ಯಾರಿಕೇಡ್ ಓಣಿ, ತುರ್ತು ದಾರಿ ಕಳೆದರೆ ಕೂರಲು ಉಳಿಯುವುದು ಶೇ. 60ರ ಆಸುಪಾಸು. ಲೆಕ್ಕ ಹಾಕಿದರೆ ಎಕರೆಗೆ 3,400ರಿಂದ 3,500 ಕುರ್ಚಿ, ಗುಂಟೆಗೆ 85ರಿಂದ 87. 15,000 ಕುರ್ಚಿಗೆ ನಾಲ್ಕೂವರೆ ಎಕರೆ. ಊಟ, ನೀರು, ಶೌಚಾಲಯಕ್ಕೆ ಮತ್ತೆ ಒಂದೂವರೆ ಎಕರೆ. ‘ಈ ಮೈದಾನದಲ್ಲಿ ಐವತ್ತು ಸಾವಿರ ಜನ ಸೇರಿದ್ದರು’ ಎಂಬ ಮಾತನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಟೇಪ್ ಹಿಡಿದು ಅಳೆಯಿರಿ.

ಹಳೇ ಜೈಲು ಆವರಣದ ಅಲ್ಲಮಪ್ರಭು ಮೈದಾನ, ಅಂದರೆ ಮೊದಲು ಫ್ರೀಡಂ ಪಾರ್ಕ್ ಎನ್ನುತ್ತಿದ್ದದ್ದು, ದೊಡ್ಡ ಸಭೆಗಳನ್ನು ಕಂಡಿದೆ. ಯುವನಿಧಿ ಯೋಜನೆಗೆ 2024ರ ಜನವರಿ 12ರಂದು ಚಾಲನೆ ಸಿಕ್ಕಿದ್ದು ಅಲ್ಲೇ. ಅದರ ಗುಣ ಊರ ನಡುವೆ ಇರುವುದು, ದೋಷವೂ ಅದೇ: ಸುತ್ತಲಿನ ರಸ್ತೆಗಳು ಬಸ್ಸಿನಿಂದ ತುಂಬಬಾರದು. ಅದನ್ನು ಆರಿಸುವುದಾದರೆ ಬಸ್ಸುಗಳು ಊರ ಹೊರಗೇ ನಿಲ್ಲಬೇಕು. ನೆಹರೂ ಕ್ರೀಡಾಂಗಣದಂಥ ಆಟದ ಜಾಗಕ್ಕೆ ಕೈ ಹಾಕದಿರುವುದು ಲೇಸು. ಕಂಬ ನೆಟ್ಟ ಓಟದ ಪಥ ಮೊದಲಿನಂತಾಗುವುದು ಕಷ್ಟ.

ಊರ ಹೊರಗಿನ ಖಾಸಗಿ ಜಾಗ ಸಿಕ್ಕಿದರೆ ಮೊದಲ ಕೆಲಸ ಪಹಣಿ ತೆಗೆಸುವುದು. ಮಲೆನಾಡಿನಲ್ಲಿ ಖಾಲಿ ಕಂಡದ್ದೆಲ್ಲ ಖಾಲಿಯಲ್ಲ. ಅದು ಸೊಪ್ಪಿನಬೆಟ್ಟವೋ (ತೋಟಕ್ಕೆ ಸೊಪ್ಪು ತರಲು ಬಿಟ್ಟ ಕಾಡು), ಕಾನೋ (ದಟ್ಟ ಹಸಿರು ಕಾಡು), ಗೋಮಾಳವೋ, ಡೀಮ್ಡ್ ಅರಣ್ಯವೋ (ಅರಣ್ಯವೆಂದು ಪರಿಗಣಿಸಿದ ಜಾಗ) ಆಗಿರಬಹುದು. ಜೆಸಿಬಿ ಇಳಿದ ಮಾರನೆಯ ದಿನ ಅರಣ್ಯ ಇಲಾಖೆಯ ನೋಟಿಸ್ ಬಂದರೆ ಪೆಂಡಾಲ್ ಕಿತ್ತುಕೊಂಡು ಎಲ್ಲಿಗೆ ಹೋಗುತ್ತೀರಿ? ಪಹಣಿಯಲ್ಲಿ ಅಣ್ಣತಮ್ಮಂದಿರ ಹೆಸರು ಜಂಟಿಯಾಗಿದ್ದರೆ ಎಲ್ಲರ ಸಹಿ ಪಡೆಯಿರಿ. ಕೊಯ್ಲಾದ ಗದ್ದೆಬಯಲು ಕಣ್ಣಿಗೆ ಸಮತಟ್ಟಾಗಿ ಕಾಣುತ್ತದೆ. ಆದರೆ ಜನವರಿಯಾದರೂ ಒಳಗೆ ತೇವ ಹೋಗಿರುವುದಿಲ್ಲ, ಗೂಟ ಹಿಡಿಯುವುದಿಲ್ಲ, ಬದುಗಳಿಗೆ ಕಾಲು ತಾಗಿ ಜನ ಬೀಳುತ್ತಾರೆ. ಒಂದು ಆಳೆತ್ತರದ ಕಬ್ಬಿಣದ ಸಲಾಕೆಯನ್ನು ಐದಾರು ಕಡೆ ಊರಿ ನೋಡಿ. ಮೈಭಾರಕ್ಕೇ ಒಂದು ಅಡಿ ಇಳಿದರೆ ಆ ನೆಲದಲ್ಲಿ ಬಸ್ಸೂ ಹೂತುಕೊಳ್ಳುತ್ತದೆ. ಗಟ್ಟಿ ಜಂಬಿಟ್ಟಿಗೆ ನೆಲವೇ ಒಳ್ಳೆಯದು, ಧೂಳಿಗೆ ಹಿಂದಿನ ಸಂಜೆ ನೀರು ಹೊಡೆಸಬೇಕು ಅಷ್ಟೆ.

ಕಾಡಂಚಿನ ಬ್ಯಾಣಗಳನ್ನು (ಹುಲ್ಲುಗಾವಲು) ಪೂರ್ತಿ ಬಿಟ್ಟುಬಿಡಿ. ಮಂಗನ ಕಾಯಿಲೆ ಕಾಣಿಸಿಕೊಳ್ಳುವುದು ಸಾಮಾನ್ಯವಾಗಿ ಡಿಸೆಂಬರಿನಿಂದ ಮೇವರೆಗೆ, ನಿಮ್ಮ ಅಧಿವೇಶನದ ಕಾಲವೂ ಅದೇ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಈ ರೋಗ ಉಣುಗಿನಿಂದ, ಅಂದರೆ ರಕ್ತ ಹೀರುವ ಉಣ್ಣೆಯಿಂದ, ಹರಡುತ್ತದೆ. 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಅದರಿಂದ ನಲುಗಿತ್ತು. ತರಗೆಲೆಯ ಮೇಲೆ ಟಾರ್ಪಾಲು ಹಾಸಿ ಬಯಲುಸೀಮೆಯಿಂದ ಬಂದ ಜನರನ್ನು ಕೂರಿಸಿದರೆ ಉಣುಗು ಹತ್ತಿದ್ದು ಅವರಿಗೆ ತಿಳಿಯುವುದೂ ಇಲ್ಲ. ನಿಲುಗಡೆಯ ಜಾಗಕ್ಕೂ ಇದೇ ನಿಯಮ. ತಾಲ್ಲೂಕು ಆರೋಗ್ಯಾಧಿಕಾರಿಗಳನ್ನು ಕೇಳಿ, ಆ ಹಂಗಾಮಿನಲ್ಲಿ ಎಲ್ಲೆಲ್ಲಿ ಮಂಗ ಸತ್ತಿದೆ ಎಂದು ತಿಳಿದುಕೊಂಡೇ ಮುಂದುವರಿಯಿರಿ.

ಇಳಿಜಾರು ನಲವತ್ತಕ್ಕೆ ಒಂದರಷ್ಟಿದ್ದರೆ ಅನುಕೂಲವೇ, ತಗ್ಗಿನ ಕಡೆ ವೇದಿಕೆ ಹಾಕಿದರೆ ಹಿಂದಿನವರಿಗೂ ಕಾಣುತ್ತದೆ. ಅದಕ್ಕಿಂತ ಕಡಿದಾಗಿದ್ದರೆ ನೂಕುನುಗ್ಗಲಿನ ಭಾರವೆಲ್ಲ ಮುಂದಿನ ಸಾಲಿನ ಮೇಲೆ ಬೀಳುತ್ತದೆ. ವೇದಿಕೆ ಪಶ್ಚಿಮಕ್ಕಿರಬಾರದು. ಮೂರು ಗಂಟೆಯ ಬಿಸಿಲು ಜನರ ಕಣ್ಣಿಗೇ ಹೊಡೆಯುತ್ತದೆ. ಜನ ಉತ್ತರಕ್ಕೋ ಪೂರ್ವಕ್ಕೋ ಮುಖ ಮಾಡಿ ಕೂರುವಂತಿರಲಿ.

ಹೊರದಾರಿಯ ಬಗ್ಗೆ ಚೌಕಾಸಿ ಮಾಡಲೇಬೇಡಿ. ಉಬ್ಬುತಗ್ಗಿನ ನೆಲದಲ್ಲಿ ಒಂದು ಮೀಟರ್ ಅಗಲದ ದಾರಿಯಲ್ಲಿ ನಿಮಿಷಕ್ಕೆ 60 ಜನ ಸರಾಗವಾಗಿ ಹೋಗಬಲ್ಲರು. 15,000 ಜನ ಹತ್ತು ನಿಮಿಷದಲ್ಲಿ ಹೊರಬೀಳಬೇಕಾದರೆ 25 ಮೀಟರ್ ಅಗಲ ಬೇಕು. ಒಂದು ಗೇಟು ಮುಚ್ಚಿಹೋದರೂ ಅಷ್ಟು ಉಳಿಯಬೇಕೆಂದರೆ ಐದು ಮೀಟರಿನ ಆರು ಗೇಟು. ಆರೂ ಒಂದೇ ರಸ್ತೆಗೆ ತೆರೆದುಕೊಂಡರೆ ಅದು ಒಂದೇ ಗೇಟು ಇದ್ದಂತೆ. ಗೇಟಿನ ಹೊರಗೂ ಜನ ಚದುರಲು ಬಯಲಿರಬೇಕು. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ 11 ಜನ ಪ್ರಾಣ ಕಳೆದುಕೊಂಡದ್ದು ಒಳಗೆ ಅಲ್ಲ, ಗೇಟುಗಳ ಹೊರಗೆ. ಅದೇ ವರ್ಷ ಸೆಪ್ಟೆಂಬರ್ 27ರಂದು ತಮಿಳುನಾಡಿನ ಕರೂರಿನ ರಾಜಕೀಯ ಸಭೆಯಲ್ಲಿ 41 ಜನ ಸತ್ತರು. ಅಲ್ಲಿ ಜನ ನಾಯಕರಿಗಾಗಿ ಗಂಟೆಗಟ್ಟಲೆ ಕಾದಿದ್ದರು. ನಾಯಕರು ತಡವಾಗಿ ಬರುವುದನ್ನು ನಮ್ಮಲ್ಲಿ ಯಾರೂ ತಪ್ಪೆಂದು ಎಣಿಸುವುದಿಲ್ಲ. ಜನಸಂದಣಿಯ ಲೆಕ್ಕದಲ್ಲಿ ಅದು ಜೀವದ ಪ್ರಶ್ನೆ. ಕಾದಷ್ಟೂ ಹಿಂದಿನಿಂದ ಜನ ಸೇರುತ್ತಲೇ ಇರುತ್ತಾರೆ, ಮುಂದಿನವರು ನೀರಿಗೂ ಎದ್ದು ಹೋಗಲಾರರು. ಮುಖ್ಯ ಭಾಷಣ ಎಷ್ಟು ಗಂಟೆಗೆ ಎಂಬುದನ್ನು ಅತಿಥಿಗಳಿಗೆ ಬರವಣಿಗೆಯಲ್ಲೇ ಕೊಡಿ.

ಬ್ಯಾರಿಕೇಡಿಗೆ ಅಡಿಕೆ ದಬ್ಬೆ (ಸೀಳಿದ ಅಡಿಕೆ ಮರ) ಕಟ್ಟುವುದು ನಮ್ಮ ಕಡೆಯ ಅಭ್ಯಾಸ. ಅಗ್ಗ, ಊರಲ್ಲೇ ಸಿಗುತ್ತದೆ, ಚಪ್ಪರಕ್ಕೆ ಅದರಷ್ಟು ಒಳ್ಳೆಯದು ಬೇರೊಂದಿಲ್ಲ. ಜನ ಒತ್ತಿದಾಗ ಮಾತ್ರ ಅದು ಬಾಗುವುದಿಲ್ಲ, ಉದ್ದಕ್ಕೆ ಸೀಳಿ ಈಟಿಯಂತಾಗುತ್ತದೆ. ಸುತ್ತಲಿನ ಬೇಲಿಗೆ ದಬ್ಬೆ ಇರಲಿ. ವೇದಿಕೆಯ ಮುಂದೆ ಮತ್ತು ಗೇಟುಗಳಲ್ಲಿ ಕಬ್ಬಿಣದ ಪೈಪಿನ ಬ್ಯಾರಿಕೇಡ್ ಹಾಕಿಸಿ. ಜನರನ್ನು ಒಂದೇ ದೊಡ್ಡ ಅಂಕಣದಲ್ಲಿ ಕೂರಿಸದೆ ಸಾವಿರ ಸಾವಿರದ ಹದಿನೈದು ಅಂಕಣ ಮಾಡಿ, ಪ್ರತಿ ಅಂಕಣಕ್ಕೂ ಎರಡು ಬದಿ ಬಾಯಿ ಇರಲಿ.

ನೀರಿನ ಲೆಕ್ಕ ಹೀಗೆ: ಕುಡಿಯಲು ತಲೆಗೆ ಎರಡು ಲೀಟರ್, ಅಡುಗೆ-ಕೈತೊಳೆಯಲು ನಾಲ್ಕು, ಶೌಚಾಲಯಕ್ಕೆ ಮೂರು. ಒಟ್ಟು 1,35,000 ಲೀಟರ್, 6,000 ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ 23 ಲೋಡು. ಅರ್ಧ ನೀರು ಹಿಂದಿನ ರಾತ್ರಿಯೇ ತುಂಬಿರಬೇಕು, ಜನ ಬಂದ ಮೇಲೆ ಟ್ಯಾಂಕರ್ ಒಳಗೆ ಬರುವ ದಾರಿಯೇ ಇರುವುದಿಲ್ಲ. 1924ರ ಡಿಸೆಂಬರಿನಲ್ಲಿ ಗಾಂಧೀಜಿ ಅಧ್ಯಕ್ಷತೆಯ ಕಾಂಗ್ರೆಸ್ ಅಧಿವೇಶನ ಬೆಳಗಾವಿಯಲ್ಲಿ ನಡೆದಾಗ ಅಲ್ಲಿನವರು ನೀರಿಗಾಗಿ ಹೊಸ ಬಾವಿಯನ್ನೇ ತೋಡಿದರು. ಟಿಳಕವಾಡಿಯ ಆ ಕಾಂಗ್ರೆಸ್ ಬಾವಿ ಇಂದಿಗೂ ಇದೆ. ನೂರು ವರ್ಷದ ಹಿಂದೆಯೇ ಅಷ್ಟು ಮುಂಚಿತವಾಗಿ ಯೋಚಿಸಿದ್ದರು ಎಂಬುದನ್ನು ನಿಮ್ಮ ಸ್ವಾಗತ ಸಮಿತಿಗೆ ಹೇಳಿ. ಶೌಚಾಲಯ ಹೆಂಗಸರಿಗೆ ನೂರಕ್ಕೊಂದು, 5,000 ಹೆಂಗಸರು ಬಂದರೆ 50. ಕಡಿಮೆ ಇಟ್ಟರೆ ಅವರು ಬೆಳಗಿನಿಂದ ನೀರನ್ನೇ ಕುಡಿಯುವುದಿಲ್ಲ, ತಲೆಸುತ್ತು ಬಂದು ಬೀಳುವವರಲ್ಲಿ ಅವರೇ ಹೆಚ್ಚಾಗುವುದು ಅದಕ್ಕೇ. ಬೆಳಕಿರುವ, ಆದರೆ ಎಲ್ಲರ ಕಣ್ಣೆದುರು ಇರದ ಜಾಗದಲ್ಲಿ ಅವನ್ನು ಇಡಿಸಿ. ಗಂಡಸರಿಗೆ ನೂರಕ್ಕೊಂದು ಮೂತ್ರಿ, 250ಕ್ಕೊಂದು ಪಾಯಿಖಾನೆ.

ಊಟಕ್ಕೆ ಒಂದು ಕೌಂಟರಿನಲ್ಲಿ ಗಂಟೆಗೆ 500ರಿಂದ 550 ಜನರಿಗೆ ಬಡಿಸಬಹುದು. ಒಂದೂವರೆ ಗಂಟೆಯಲ್ಲಿ ಎಲ್ಲರದ್ದೂ ಮುಗಿಯಬೇಕಾದರೆ 20 ಕೌಂಟರ್ ಬೇಕು. ಪಲಾವ್ ಆದರೆ ಅಕ್ಕಿ 20 ಕ್ವಿಂಟಲ್ ಮೇಲೆ. ತಟ್ಟೆಗೆ ನಮ್ಮ ಹಾಳೆ ತಟ್ಟೆಯೇ ಇರಲಿ, ಒಂದೇ ಗಾತ್ರದ 16,000 ತಟ್ಟೆಗೆ ತಿಂಗಳ ಮೊದಲೇ ಹೇಳಿಡಬೇಕು.

ಧ್ವನಿಯಲ್ಲಿ ಆಗುವ ತಪ್ಪು ಒಂದೇ ಬಗೆಯದು. ವೇದಿಕೆಯ ಬಳಿ ದೊಡ್ಡ ಪೆಟ್ಟಿಗೆ ರಾಶಿ ಹಾಕಿ, ಹಿಂದಿನವರಿಗೆಂದು 50 ಮೀಟರಿನಲ್ಲಿ ಇನ್ನೊಂದು ಜೊತೆ ನಿಲ್ಲಿಸುತ್ತಾರೆ. ತಂತಿಯಲ್ಲಿ ಮಾತು ತಕ್ಷಣ ಬಂದುಬಿಡುತ್ತದೆ, ವೇದಿಕೆಯಿಂದ ಗಾಳಿಯಲ್ಲಿ ಬರುವ ಮಾತು ಸೆಕೆಂಡಿನ ಏಳನೇ ಒಂದು ಭಾಗ ತಡವಾಗಿ ಬರುತ್ತದೆ. ಎರಡೂ ಸೇರಿ ಭಾಷಣ ಕಲಸುಮೇಲೋಗರ. ಹಿಂದಿನ ಪೆಟ್ಟಿಗೆಗಳಿಗೆ ಸುಮಾರು 145 ಮಿಲಿಸೆಕೆಂಡ್ ‘ಡಿಲೇ’ ಕೊಡಲು ಸೌಂಡಿನವರಿಗೆ ಹೇಳಿ. ಬರುವುದಿಲ್ಲ ಎಂದರೆ ಬೇರೆಯವರನ್ನು ನೋಡಿ. ಜನರೇಟರ್ ಎರಡು ಇರಲಿ, 125 ಕೆವಿಎಯವು, ಒಂದು ನಡೆಯಲು, ಒಂದು ಕಾಯಲು. ಸ್ವಯಂಸೇವಕರಿಗೆ ವೈರ್‌ಲೆಸ್ ಸೆಟ್ ಕೊಡಿ. 15,000 ಮೊಬೈಲ್ ಒಂದೇ ಕಡೆ ಸೇರಿದಾಗ ಕರೆ ಹೋಗುವುದಿಲ್ಲ.

ಅನುಮತಿಗಳು ಗೊತ್ತಿರುವವೇ: ಪೊಲೀಸ್, ಮಹಾನಗರ ಪಾಲಿಕೆ, ಅಗ್ನಿಶಾಮಕ ದಳ, ಮೆಸ್ಕಾಂ, ವೇದಿಕೆಯ ಗಟ್ಟಿತನಕ್ಕೆ ಲೋಕೋಪಯೋಗಿ ಇಲಾಖೆ, ಆಂಬುಲೆನ್ಸಿಗೆ ಆರೋಗ್ಯ ಇಲಾಖೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕವಿಲ್ಲ, ಆಸ್ಪತ್ರೆ, ಶಾಲೆ, ನ್ಯಾಯಾಲಯದ ನೂರು ಮೀಟರ್ ಒಳಗೆ ನಿಶ್ಶಬ್ದ ವಲಯ. ಅರ್ಜಿಯ ಜೊತೆ ಗೇಟು, ನಿಲುಗಡೆ, ಆಂಬುಲೆನ್ಸ್ ದಾರಿ ಗುರುತಿಸಿದ ಅಳತೆಯ ನಕ್ಷೆ ಇಟ್ಟರೆ ಅರ್ಧ ಪ್ರಶ್ನೆಗಳು ಏಳುವುದೇ ಇಲ್ಲ. ಚುನಾವಣಾ ನೀತಿ ಸಂಹಿತೆ ಜಾರಿಯಾಗುವ ಸಂಭವವಿದ್ದರೆ ಮೈದಾನ ಕೈತಪ್ಪಿದಾಗ ಮುಂಗಡ ಮರಳಬೇಕೆಂದು ಕರಾರಿನಲ್ಲಿ ಬರೆಸಿ.

ಕರಾರಿಗೆ ಇನ್ನೂ ಎರಡು ಸಾಲು ಸೇರಲಿ. ಮೈದಾನ ನಿಮ್ಮ ವಶಕ್ಕೆ ಐದು ದಿನ ಮೊದಲು ಬರಬೇಕು, ಸಭೆ ಮುಗಿದ ಮೇಲೆ ಎರಡು ದಿನ ಉಳಿಯಬೇಕು. ಪೆಂಡಾಲ್ ಬಿಚ್ಚುವವರು ಗೂಟ ಕಿತ್ತುಕೊಂಡು ಹೊರಟುಬಿಡುತ್ತಾರೆ, ಗುಂಡಿ ಹಾಗೇ ಬಾಯಿ ತೆರೆದಿರುತ್ತದೆ, ಮೊಳೆ, ಬೈಂಡಿಂಗ್ ತಂತಿ ಹುಲ್ಲಿನಲ್ಲಿ ಸೇರಿಹೋಗುತ್ತವೆ. ಗುಂಡಿಗೆ ಜಲ್ಲಿಮಣ್ಣು ತುಂಬಿ ದಮ್ಮಸು ಮಾಡಿದ್ದನ್ನೂ, ಹಗ್ಗ ಕಟ್ಟಿದ ಅಯಸ್ಕಾಂತವನ್ನು ಸಾಲುಸಾಲಾಗಿ ಎಳೆದು ಮೊಳೆ ಆರಿಸಿದ್ದನ್ನೂ ಮೈದಾನದ ಮಾಲೀಕರು ನೋಡಿ ಸಹಿ ಮಾಡಿದ ಮೇಲೆಯೇ ಪೆಂಡಾಲ್‌ನವರ ಕೊನೆಯ ಕಂತಿನ ಹಣ ಕೊಡಿ.